ಬರ್ಕೊಟ್ಟು ಹೋಗ್ತೀವಿ ಡಾಕ್ಟ್ರೇ

ಹೋದ ಸಂಚಿಕೆಯಲ್ಲಿ ಒಬ್ರು ಕೇಳಿದ್ರು, ಡಾಕ್ಟ್ರು ಇನ್ನೂ ಇರಿ ಅಂದ್ರೂ ಪೇಷಂಟು ಮನೆಗೆ ಹೋಗ್ಬಹುದಾ ಅಂತ. ಹೋಗ್ಬಹುದು, ಬುದ್ಧಿ ಸ್ವಾಧೀನದಲ್ಲಿರೋ ವಯಸ್ಕರನ್ನ ಕಟ್ಟಿಹಾಕಿ ಟ್ರೀಟ್‌ಮೆಂಟ್ ಕೊಡೋಕಾಗಲ್ಲ ಅಂತ ಎರಡು ಸಾಲು ಬರ್ದು ಸುಮ್ಮನಾಗಿದ್ದೆ. ಎರಡು ಸಾಲಿಗೆ ಮುಗಿಯೋ ವಿಷ್ಯ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಪತ್ರ, ಮೇಲ್, ವಾಟ್ಸಾಪ್ ಎಲ್ಲದ್ರಲ್ಲೂ ಇದೇ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ ಕೊಟ್ಟಿದೀನಿ, ಮಂಡಿನೋವು ಮತ್ತೆ ಕೂದಲು ಉದುರೋದರ ಬಗ್ಗೆ ಕೇಳಿದೋರು ಬೇಜಾರ್ ಮಾಡ್ಕೋಬೇಡಿ, ಮುಂದಿನ ಸಲ ಬರೀತೀನಿ.

ಆಸ್ಪತ್ರೆಯೊಳಗೆ ಇದಕ್ಕೆ ಲಾಮಾ ಅಂತಾರೆ, ಲೀವ್ ಅಗೇನ್ಸ್ಟ್ ಮೆಡಿಕಲ್ ಅಡ್ವೈಸ್. ಕೆಲವು ಕಡೆ ಡಾಮಾ, ಡಿಸ್ಚಾರ್ಜ್ ಅಗೇನ್ಸ್ಟ್ ಮೆಡಿಕಲ್ ಅಡ್ವೈಸ್. ಸಿಸ್ಟರ್‌ಗಳು "ಬೆಡ್ 14 ಲಾಮಾ ಹೋಯ್ತು" ಅಂತಾರೆ, ಅದೇ ಬೆಡ್ 14ರವರು ಊರಿಗೆ ಹೋಗಿ "ಬರ್ಕೊಟ್ಟು ಬಂದ್ವಿ" ಅಂತಾರೆ.

ನಮ್ಮಪ್ಪಂಗೆ 63 ವರ್ಷ. ಅಡಿಕೆ ಸುಲಿಸೋ ಟೈಮಲ್ಲಿ ಎದೆನೋವು ಬಂತು, ತಾಲೂಕು ಆಸ್ಪತ್ರೆಲಿ ಇಸಿಜಿ ಮಾಡಿ ಹಾರ್ಟ್ ಅಟ್ಯಾಕ್ ಅಂತ ಹೇಳಿ ಒಂದು ಇಂಜೆಕ್ಷನ್ ಕೊಟ್ಟು ಕಳ್ಸಿದ್ರು. ನಾವು ಒಂದು ಪ್ರೈವೇಟ್ ಆಸ್ಪತ್ರೆಗೆ ಹಾಕಿದ್ವಿ. ಒಂದು ರಾತ್ರಿ ಐಸಿಯು. ಬೆಳಗ್ಗೆ ನೋವಿಲ್ಲ. ಆಂಜಿಯೋಗ್ರಾಮ್ ಮಾಡ್ಬೇಕು, ಸ್ಟೆಂಟ್ ಬೇಕಾಗ್ಬಹುದು, ದುಡ್ಡು ಕಟ್ಟಿ ಅಂದ್ರು. ಅಪ್ಪ ಎದ್ದು ಪಂಚೆ ಕಟ್ಕೊಂಡೇ ಬಿಟ್ರು, ಕೊಯ್ಲು ಮುಗಿದ್ಮೇಲೆ ನೋಡೋಣ ಅಂತ. ನಾನೇ ಸೈನ್ ಹಾಕ್ದೆ. ಬಿಲ್ ಕೊಟ್ರು, ಲಾಮಾ ಹೋಗೋರಿಗೆ ಡಿಸ್ಚಾರ್ಜ್ ಸಮ್ಮರಿ ಕೊಡಲ್ಲ ಅಂದ್ರು. ಈಗ ಐದು ದಿನ ಆಯ್ತು, ಆರಾಮಾಗಿದಾರೆ. ಯಾವ ಮಾತ್ರೆ ತಗೋಬೇಕು ಗೊತ್ತಿಲ್ಲ. ಒಂದ್ಸಲ ಹಿಂಗೆ ಸೈನ್ ಹಾಕಿದ್ರೆ ಇನ್ಯಾವ ಆಸ್ಪತ್ರೆನೂ ಸೇರಿಸ್ಕೊಳ್ಳಲ್ವಂತೆ, ಹೌದಾ?
— ಒಬ್ಬ ಮಗ, ಚನ್ನಗಿರಿ ತಾಲೂಕು

ನಿಮ್ಮ ಮೆಸೇಜ್ ಬಂದ ದಿನವೇ ಫೋನ್ ಮಾಡಿ ಅಪ್ಪನ್ನ ಅವತ್ತೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಅಂದಿದ್ದೆ, ಹೋಗಿದ್ದೀರಿ, ಸಂತೋಷ. ಇಲ್ಲಿ ಬರೀತಿರೋದು ಮಿಕ್ಕವರಿಗೋಸ್ಕರ.

ಮೊದ್ಲು ಆ ಇಂಜೆಕ್ಷನ್ ವಿಷ್ಯ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಅನ್ನೋ ಇಂಜೆಕ್ಷನ್ ಫ್ರೀಯಾಗಿ ಕೊಡ್ತಾರೆ, ಅಪ್ಪಂಗೆ ಕೊಟ್ಟಿದ್ದು ಅದೇ ಇರ್ಬೇಕು. ಅದು ರಕ್ತನಾಳದಲ್ಲಿ ಕೂತಿರೋ ರಕ್ತದ ಗಡ್ಡೆ ಕರಗಿಸುತ್ತೆ. ನಿಮ್ಮದು ಅಡಿಕೆ ತೋಟ ಆದ್ರಿಂದ ಹಿಂಗೆ ಹೇಳ್ತೀನಿ, ಡ್ರಿಪ್ ಪೈಪಲ್ಲಿ ಕಸ ಸಿಕ್ಕಾಕೊಂಡು ನೀರು ನಿಂತಿತ್ತು, ಕಸ ತೆಗೆದಾಯ್ತು, ನೀರು ಬಂತು, ಆದ್ರೆ ಪೈಪಿನೊಳಗೆ ಉಪ್ಪು ಕಟ್ಟಿ ಕಿರಿದಾಗಿರೋದು ಹಂಗೇ ಇದೆ, ಇನ್ನೊಂದು ಸಣ್ಣ ಕಸ ಬಂದ್ರೆ ಮತ್ತೆ ಅಲ್ಲೇ ನಿಲ್ಲುತ್ತೆ. ಎಷ್ಟು ಕಿರಿದಾಗಿದೆ ಅಂತ ನೋಡೋಕೆ ಆಂಜಿಯೋಗ್ರಾಮ್. ನೋವು ಹೋಯ್ತು ಅಂದ್ರೆ ಕಾಯಿಲೆ ಹೋಯ್ತು ಅಂತಲ್ಲ. ಅಟ್ಯಾಕ್ ಆದ್ಮೇಲೆ ಮೊದಲ ಒಂದೆರಡು ದಿನ ಹಾರ್ಟಿನ ಬಡಿತ ಇದ್ದಕ್ಕಿದ್ದ ಹಾಗೆ ತಾಳ ತಪ್ಪಿ ಪ್ರಾಣ ಹೋಗೋ ಚಾನ್ಸ್ ಜಾಸ್ತಿ, ಐಸಿಯುನಲ್ಲಿ ಆ ಮಾನಿಟರ್ ಹಾಕೋದು ಅದಕ್ಕೇ, ಅಲ್ಲಿ ಆದ್ರೆ ಒಂದು ಶಾಕ್ ಕೊಟ್ಟು ವಾಪಸ್ ತರ್ತಾರೆ, ತೋಟದಲ್ಲಿ ಆದ್ರೆ ಯಾರು ತರ್ತಾರೆ. ನಿಮ್ಮಪ್ಪ ಆ ಟೈಮನ್ನ ಮನೆಲಿ ಕಳೆದಿದಾರೆ. ಪುಣ್ಯ.

ಇನ್ನು ಸೈನು. ಜನ ಇದನ್ನ ಏನೋ ಬಾಂಡ್ ಪೇಪರ್ ತರ ನೋಡ್ತಾರೆ. ಆ ಕಾಗದದಲ್ಲಿ ಇರೋದು ಇಷ್ಟೇ, ಹೋದ್ರೆ ಏನಾಗ್ಬಹುದು ಅಂತ ನಮಗೆ ಹೇಳಿದಾರೆ, ಗೊತ್ತಿದ್ದೂ ಹೋಗ್ತಿದೀವಿ ಅಂತ. ಮುಂದೆ ಯಾವ ಆಸ್ಪತ್ರೆಗೂ ಬರಲ್ಲ ಅಂತ ಅಲ್ಲ, ನಿಮ್ಮ ಹೆಸರು ಯಾವ ಬ್ಲ್ಯಾಕ್‌ಲಿಸ್ಟಿಗೂ ಹೋಗಲ್ಲ. ಎಮರ್ಜೆನ್ಸಿಲಿ ಬಂದವರಿಗೆ ಮೊದಲು ಜೀವ ಉಳಿಸೋ ಚಿಕಿತ್ಸೆ ಕೊಡ್ಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಕೇಸಲ್ಲಿ ಹೇಳಿದೆ, ನೀವು ಬರ್ಕೊಟ್ಟು ಹೋದ ಅದೇ ಆಸ್ಪತ್ರೆ ಬಾಗಿಲಿಗೆ ಆವತ್ತು ರಾತ್ರಿನೇ ವಾಪಸ್ ಬಂದ್ರೂ ಅದು ಅನ್ವಯಿಸುತ್ತೆ. ಇನ್ನೊಂದು, ನೀವು ಇದ್ದಷ್ಟು ಹೊತ್ತಲ್ಲಿ ಆಸ್ಪತ್ರೆಯವರು ಏನಾದ್ರೂ ನಿರ್ಲಕ್ಷ್ಯ ಮಾಡಿದ್ರೆ ಈ ಸೈನಿಂದ ಅದೂ ಮಾಫಿ ಆಗಲ್ಲ. ಅಂದಹಾಗೆ ಸೈನ್ ಹಾಕ್ಬೇಕಾಗಿದ್ದು ನೀವಲ್ಲ. ಅಪ್ಪ ಎದ್ದು ಪಂಚೆ ಕಟ್ಕೊಳ್ಳೋಷ್ಟು ಗಟ್ಟಿಯಾಗಿದ್ರಲ್ಲ, ನಿರ್ಧಾರನೂ ಅವರದೇ, ಸೈನೂ ಅವರದೇ. ಮಕ್ಕಳು ಪಕ್ಕದಲ್ಲಿ ಸಾಕ್ಷಿ ಹಾಕ್ಬಹುದು. ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ ಹಿಂಗೆ ಸೈನ್ ಹಾಕಿದ ಮಕ್ಕಳು, ಆಮೇಲೆ ಏನಾದ್ರೂ ಆದ್ರೆ, ವರ್ಷಗಟ್ಲೆ ಆ ಪೆನ್ನು ಹಿಡಿದ ಕೈನೇ ನೋಡ್ಕೊಂಡು ಕೂರ್ತಾರೆ.

ಸಮ್ಮರಿ ಕೊಡಲ್ಲ ಅಂದಿದ್ದು ತಪ್ಪು. ರೋಗಿ ಹೇಳಿದ ಮಾತು ಕೇಳ್ಲಿಲ್ಲ ಅಂತ ಸಿಟ್ಟು ಬರ್ಬಹುದು, ನಂಗೂ ಬಂದಿದೆ, ಆದ್ರೆ ಸಿಟ್ಟಿಗೆ ಕಾಗದ ತಡೆಹಿಡಿಯೋದು ಸರಿಯಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಯಾರಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಡಿಸ್ಚಾರ್ಜ್ ಸಮ್ಮರಿನೂ ಇದೆ, ಟೆಸ್ಟ್ ರಿಪೋರ್ಟುಗಳೂ ಇವೆ. ವೈದ್ಯರ 2002ರ ನಿಯಮಾವಳಿ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡ್ಬೇಕು. ಬಾಯಲ್ಲಿ ಕೇಳ್ಬೇಡಿ, ಒಂದು ಬಿಳಿ ಹಾಳೆಲಿ ಐಪಿ ನಂಬರ್ (ಅಡ್ಮಿಟ್ ಆದಾಗ ಕೊಟ್ಟ ನಂಬರು) ಹಾಕಿ ಅರ್ಜಿ ಬರ್ದು ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಕೊಟ್ಟು ಇನ್ನೊಂದು ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ. ಬಹಳಷ್ಟು ಸಲ ಸೀಲ್ ಹಾಕಿ ಅಂದ ತಕ್ಷಣ ಸಮ್ಮರಿನೇ ಬಂದುಬಿಡುತ್ತೆ.

ಮಾತ್ರೆ ವಿಷ್ಯ ಎಲ್ಲಕ್ಕಿಂತ ಅರ್ಜೆಂಟು. ಅಟ್ಯಾಕ್ ಆದೋರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳೋ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ ಒಂದು ದಿನನೂ ತಪ್ಪಬಾರ್ದು. ಬರ್ಕೊಟ್ಟು ಹೋಗೋದಾದ್ರೂ ಬಾಗಿಲಲ್ಲಿ ನಿಂತು, ಹೋಗ್ತೀವಿ ಡಾಕ್ಟ್ರೇ, ಮನೆಲಿ ತಗೊಳ್ಳೋಕೆ ಮಾತ್ರೆ ಬರ್ಕೊಡಿ, ಯಾವಾಗ ವಾಪಸ್ ಓಡಿ ಬರ್ಬೇಕು ಅದನ್ನೂ ಹೇಳಿ ಅಂತ ಕೇಳಿ. ಅದನ್ನ ಕೇಳೋಕೆ ಹೆದ್ರಿಕೊಂಡು ಜನ ಬರಿಗೈಲಿ ಹೋಗ್ತಾರೆ ನೋಡಿ, ಆಸ್ಪತ್ರೆ ಬಿಟ್ಟಿದ್ದಕ್ಕಿಂತ ಅದರಿಂದ ಆಗೋ ಹಾನಿ ನಾನು ಜಾಸ್ತಿ ನೋಡಿದೀನಿ.

ದುಡ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್ ಸರ್ಕಾರ ಕೊಡುತ್ತೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಎಮರ್ಜೆನ್ಸಿ ಆದ್ರೆ ರೆಫರಲ್ ಇಲ್ದೆ ನೇರ ಹೋಗ್ಬಹುದು, ಇಲ್ಲಾಂದ್ರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ಸರ್ಕಾರದ ಹೃದ್ರೋಗ ಆಸ್ಪತ್ರೆ ಜಯದೇವ ಇದೆ. ಅಂದ್ರೆ "ಪಂಚೆ ಕಟ್ಕೊಂಡು ಮನೆಗೆ" ಅನ್ನೋದರ ಬದಲು "ಈ ಆಸ್ಪತ್ರೆ ಬೇಡ, ಆ ಆಸ್ಪತ್ರೆಗೆ ಬರ್ಕೊಡಿ" ಅಂತ ಕೇಳೋ ದಾರಿ ಯಾವತ್ತೂ ಇತ್ತು. ಅದಕ್ಕೆ ಲಾಮಾ ಅನ್ನಲ್ಲ, ರೆಫರ್ ಅಂತಾರೆ, ಜೊತೆಗೆ ಕಾಗದ ಬರುತ್ತೆ, ಆಂಬುಲೆನ್ಸೂ ಬರುತ್ತೆ.

ಮಗಳಿಗೆ 9 ವರ್ಷ, ಡೆಂಗ್ಯೂ ಪಾಸಿಟಿವ್. ನಾಲ್ಕು ದಿನ ಜ್ವರ ಇತ್ತು, ಇವತ್ತು ಬೆಳಗ್ಗೆಯಿಂದ ಜ್ವರ ಇಲ್ಲ. ಮನೆಗೆ ಹೋಗೋಣ ಅಂದ್ರೆ ಈಗ್ಲೇ ಇರ್ಬೇಕು ಅಂತಿದಾರೆ ಡಾಕ್ಟ್ರು. ಜ್ವರ ಇದ್ದಾಗ ಮನೆಲಿಟ್ಟು ನೋಡ್ಕೊಳ್ಳಿ ಅಂದೋರು ಜ್ವರ ಬಿಟ್ಮೇಲೆ ಅಡ್ಮಿಟ್ ಅಂತಾರೆ, ಬಿಲ್ ಮಾಡೋಕೆ ಅಂತ ನಮ್ಮನೆಯವರ ವಾದ.
— ತಾಯಿ, ಮೈಸೂರು

ನಿಮ್ಮನೆಯವರ ವಾದ ಕೇಳೋಕೆ ಸರಿಯಾಗೇ ಇದೆ, ಡೆಂಗ್ಯೂ ಒಂದು ಉಲ್ಟಾ ಕಾಯಿಲೆ ಅದಕ್ಕೇ. ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತಲ್ಲ, ಇಳಿದ್ಮೇಲಿನ 24ರಿಂದ 48 ಗಂಟೆನೇ ಗಂಡಾಂತರ. ರಕ್ತನಾಳದಿಂದ ನೀರಿನಂಶ ಸೋರಿ ಹೊಟ್ಟೆಗೆ, ಎದೆಗೂಡಿಗೆ ಹೋಗುತ್ತೆ, ಒಳಗೆ ಉಳಿದ ರಕ್ತ ಗಟ್ಟಿಯಾಗುತ್ತೆ, ಬಿಪಿ ಬೀಳುತ್ತೆ. ಮಗು ಮೇಲೆ ನೋಡೋಕೆ ತಣ್ಣಗೆ ಮಲಗಿರುತ್ತೆ. ಆ ತಣ್ಣಗೇ ಹೆದರಿಕೆ. ಕೈಕಾಲು ತಣ್ಣಗಾಗಿದ್ಯಾ ಮುಟ್ಟಿ ನೋಡಿ, ಆರು ಗಂಟೆಗಳಿಂದ ಸುಸ್ಸು ಮಾಡಿಲ್ವಾ, ಹೊಟ್ಟೆನೋವು ಅಂತಿದ್ಯಾ, ಬಿಡದೆ ವಾಂತಿ ಆಗ್ತಿದ್ಯಾ, ವಸಡಲ್ಲಿ ರಕ್ತ ಕಾಣ್ತಿದ್ಯಾ, ಸುಮ್ಸುಮ್ನೆ ಮಂಕಾಗಿ ಅಥವಾ ರಚ್ಚೆ ಹಿಡ್ಕೊಂಡಿದ್ಯಾ. ಇದ್ರಲ್ಲಿ ಒಂದಿದ್ರೂ ಮನೆ ಮಾತೇ ಬೇಡ.

ಎಲ್ಲರೂ ಪ್ಲೇಟ್ಲೆಟ್ ನಂಬರ್ ಕ್ರಿಕೆಟ್ ಸ್ಕೋರ್ ತರ ಫ್ಯಾಮಿಲಿ ಗ್ರೂಪಲ್ಲಿ ಹಾಕ್ತಿರ್ತಾರೆ. ಡಾಕ್ಟ್ರು ಅದರ ಜೊತೆ ಪಿಸಿವಿ ಅಂತ ಇನ್ನೊಂದು ನೋಡ್ತಾರೆ, ರಿಪೋರ್ಟಲ್ಲಿ ನೀವೂ ಹುಡುಕಿ, ಅದು ಏರ್ತಾ ಹೋದ್ರೆ ರಕ್ತ ಗಟ್ಟಿಯಾಗ್ತಿದೆ ಅಂತ ಅರ್ಥ. ಪರಂಗಿ ಎಲೆ ರಸ ಕುಡಿಸಿ ವಾಂತಿ ಮಾಡ್ಸಿ ಆ ವಾಂತಿ ಡೆಂಗ್ಯೂದೋ ಎಲೆದೋ ಅಂತ ನಮಗೆ ಗೊತ್ತಾಗದ ಹಾಗೆ ಮಾತ್ರ ಮಾಡ್ಬೇಡಿ. ಬ್ರೂಫೆನ್ ಬೇಡ, ಪ್ಯಾರಾಸಿಟಮಾಲ್ ಸಾಕು. ಎರಡು ದಿನ ಇರಿ. ದುಡ್ಡು ಕಷ್ಟ ಆದ್ರೆ ಸರ್ಕಾರಿ ಆಸ್ಪತ್ರೆಗೆ ಶಿಫ್ಟ್ ಮಾಡಿ, ಆದ್ರೆ ಇವತ್ತು ಮನೆಗಲ್ಲ.

ನಮಸ್ಕಾರ್ರಿ ಡಾಕ್ಟ್ರ. ನಮ್ಮ ತಮ್ಮ ಸಾಲದ ಟೆನ್ಶನ್‌ದಾಗ ಬೆಳಿಗೆ ಹೊಡಿಯೋ ಎಣ್ಣಿ ಕುಡದಿದ್ದ. ದವಾಖಾನಿಗೆ ಹಾಕಿದ್ವಿ. ಎರಡನೇ ದಿನಕ್ಕ ಎಚ್ಚರಾಗಿ ಚಂದ ಮಾತಾಡಾಕತ್ತ, ಚಾ ಕುಡದ. ಪೊಲೀಸ್ರು ಬರ್ತಾರ, ಊರಾಗ ಮಂದಿ ಆಡ್ಕೋತಾರ, ಬರದ ಕೊಟ್ಟ ಕರ್ಕೊಂಡ ಹೋಗೂಣು ಅಂತ ಹಿರಿಯಾರು ಅಂದ್ರು. ಡಾಕ್ಟ್ರು ಒಪ್ಪಲಿಲ್ಲ, ಜಗಳಾತು. ಕಡೀಕ ನಮ್ಮ ಅವ್ವ ಬ್ಯಾಡ ಅಂದಳಂತ ಉಳದ್ವಿ. ಮೂರನೇ ದಿನ ರಾತ್ರಿ ಉಸಿರ ಕಟ್ಟಿ ವೆಂಟಿಲೇಟರ್ ಹಾಕಿದ್ರು, ಹನ್ನೊಂದ ದಿನ ಆದಮ್ಯಾಲೆ ಬದುಕಿ ಬಂದ. ಆರಾಮಾದಾಂವಗ ಒಮ್ಮಿಲೆ ಹಂಗ್ಯಾಕಾತ್ರಿ? ಅವರದೇನರ ತಪ್ಪಾಗೇತೇನು?
— ಅಣ್ಣ, ವಿಜಯಪುರ ಜಿಲ್ಲೆ

ತಪ್ಪಲ್ಲಣ್ಣ. ನಿಮ್ಮ ಅವ್ವನಿಗೆ ಒಂದು ನಮಸ್ಕಾರ ಹೇಳಿ ಮೊದ್ಲು.

ಬೆಳೆಗೆ ಹೊಡೆಯೋ ಎಷ್ಟೋ ಕೀಟನಾಶಕ ಆರ್ಗನೋಫಾಸ್ಫೇಟ್ ಅನ್ನೋ ಗುಂಪಿಗೆ ಸೇರಿದ್ದು. ಮೊದಲ ದಿನ ಬಾಯಲ್ಲಿ ನೊರೆ, ಬೆವರು, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆ ಆಗೋದು, ಇವೆಲ್ಲಾ ಕಾಣುತ್ತೆ, ಅಟ್ರೋಪಿನ್ ಕೊಟ್ಟು ಅದನ್ನ ಹತೋಟಿಗೆ ತರ್ತಾರೆ. ರೋಗಿ ಎದ್ದು ಕೂರ್ತಾನೆ, ಚಹಾ ಕೇಳ್ತಾನೆ, ಸಂಬಂಧಿಕರು ಆಟೋ ಕರೀತಾರೆ. ಆದ್ರೆ ಕುಡಿದ 24ರಿಂದ 96 ಗಂಟೆ ನಡುವೆ ಎರಡನೇ ಅಲೆ ಒಂದು ಬರುತ್ತೆ, ಎಲ್ಲರಿಗೂ ಅಲ್ಲ, ಕೆಲವರಿಗೆ, ಯಾರಿಗೆ ಅಂತ ಮೊದ್ಲೇ ಹೇಳೋಕಾಗಲ್ಲ. ಕತ್ತಿನ ಸ್ನಾಯು, ಆಮೇಲೆ ಉಸಿರಾಟದ ಸ್ನಾಯು ಸೋಲುತ್ತೆ. ಅದಕ್ಕೇ ರೌಂಡ್ಸಿಗೆ ಬಂದ ಡಾಕ್ಟ್ರು ದಿನಾ "ದಿಂಬಿನಿಂದ ತಲೆ ಎತ್ತು ನೋಡೋಣ" ಅಂತಿರ್ತಾರೆ. ನೋಡೋರಿಗೆ ಇದೇನು ತಮಾಷೆ ಅನ್ಸುತ್ತೆ. ಬೆಳಗ್ಗೆ ತಲೆ ಎತ್ತಿದ ಹುಡುಗ ಸಂಜೆ ಎತ್ತೋಕೆ ಒದ್ದಾಡಿದ್ರೆ ಸಿಸ್ಟರ್ ಓಡಿ ಹೋಗಿ ವೆಂಟಿಲೇಟರ್ ರೆಡಿ ಮಾಡ್ತಾರೆ. ನಿಮ್ಮ ತಮ್ಮಂಗೆ ಆಗಿದ್ದು ಇದೇ. ಆವತ್ತು ಕರ್ಕೊಂಡು ಹೋಗಿದ್ರೆ ಮೂರನೇ ರಾತ್ರಿ ಅವನು ಮನೆಲಿರ್ತಿದ್ದ.

ಪೊಲೀಸರ ಹೆದರಿಕೆಗೆ ಓಡಿ ಹೋಗೋರು ಬಹಳ. ವಿಷದ ಕೇಸ್ ಬಂದ ಕೂಡ್ಲೇ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಅಂತ ಬರ್ದು ಠಾಣೆಗೆ ತಿಳಿಸಿಯಾಗಿರುತ್ತೆ, ನೀವು ಹೋದ್ರೂ ಅದು ಅಳಿಸಿ ಹೋಗಲ್ಲ. ಅದಕ್ಕಿಂತ ಮುಖ್ಯ, 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 115ನೇ ಕಲಂ ಪ್ರಕಾರ ಇಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸ್ಬೇಕು, ಶಿಕ್ಷೆ ಕೊಡೋ ಹಾಗಿಲ್ಲ, ಬದಲಿಗೆ ಆರೈಕೆ ಕೊಡೋದು ಸರ್ಕಾರದ ಜವಾಬ್ದಾರಿ. ಹಳೇ ಐಪಿಸಿಯ 309ನೇ ಕಲಂ 2024ರ ಜುಲೈ 1ಕ್ಕೆ ಬಂದ ಹೊಸ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ತಮ್ಮ ಬದುಕಿ ಬಂದ ಸರಿ, ಸಾಲ ಇನ್ನೂ ಅಲ್ಲೇ ಇದೆ ಅಲ್ವಾ. ಅವನನ್ನ ಒಬ್ಬನೇ ಬಿಡ್ಬೇಡಿ, ಆ ಡಬ್ಬಗಳನ್ನ ಮನೆಯಿಂದ ಆಚೆ ಇಡಿ, ಜಿಲ್ಲಾ ಆಸ್ಪತ್ರೆಲಿ ಮನೋವೈದ್ಯರು ಇರ್ತಾರೆ ಕರ್ಕೊಂಡು ಹೋಗಿ. 14416 ಟೆಲಿ ಮಾನಸ್ ನಂಬರು, ಹಗಲು ರಾತ್ರಿ ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಅವನಷ್ಟೇ ಅಲ್ಲ, ನೀವೂ ಮಾಡ್ಬಹುದು.

ಬಿಲ್ ಪೂರ್ತಿ ಕಟ್ಟೋ ತನಕ ಡಿಸ್ಚಾರ್ಜ್ ಇಲ್ಲ ಅಂತ ಎರಡು ದಿನ ಕೂರಿಸಿದ್ರು, ಆ ಎರಡು ದಿನಕ್ಕೂ ಬೆಡ್ ಚಾರ್ಜ್ ಹಾಕಿದ್ರು. ಇದಕ್ಕೆ ಕಾನೂನು ಇಲ್ವಾ?
— ಓದುಗರು, ತುಮಕೂರು

ಇದೆ. ಬಾಕಿ ಹಣ ಬಾಕಿ ಹಣವೇ, ಅದನ್ನ ವಸೂಲಿ ಮಾಡೋಕೆ ಆಸ್ಪತ್ರೆಗೆ ಕೋರ್ಟಿದೆ, ಆದ್ರೆ ಮನುಷ್ಯನ್ನ ಒತ್ತೆ ಇಟ್ಕೊಳ್ಳೋ ಹಾಗಿಲ್ಲ. ರೋಗಿಗಳ ಹಕ್ಕುಗಳ ಪಟ್ಟಿಲಿ ಇದು ಸ್ಪಷ್ಟವಾಗಿದೆ. ಖಾಸಗಿ ಆಸ್ಪತ್ರೆಗಳಿಗಿರೋ ಕರ್ನಾಟಕದ ಕೆಪಿಎಂಇ ಕಾಯ್ದೆ 2017ರಲ್ಲಿ ತಿದ್ದುಪಡಿ ಆದ್ಮೇಲೆ ಬಾಕಿ ಇದೆ ಅಂತ ಮೃತದೇಹ ತಡೆಯೋ ಹಾಗೂ ಇಲ್ಲ. ದೂರು ಕೊಡೋದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸಲ್ಲಿ ವಿಚಾರಿಸಿ. ಆದ್ರೆ ಒಂದು ಮಾತು, ಇದನ್ನ ಓದಿ ಬಿಲ್ಲೇ ಕಟ್ಟದೆ ಹೋಗ್ಬಹುದು ಅಂತ ತಿಳ್ಕೋಬೇಡಿ, ವಿವರ ಇರೋ ಬಿಲ್ ಕೇಳಿ, ಕೈಲಾದಷ್ಟು ಕಟ್ಟಿ, ಉಳಿದಿದ್ದಕ್ಕೆ ಬರವಣಿಗೆಲಿ ಟೈಮ್ ಕೇಳಿ.

ಲಾಮಾ ಆದ್ರೆ ಇನ್ಶೂರೆನ್ಸ್ ಬರಲ್ವಂತೆ?
— ಬೆಂಗಳೂರು

ಹಿಂಗಂತ ಎಲ್ಲರೂ ಹೇಳ್ತಾರೆ, ಕೆಲವು ಸಲ ಆಸ್ಪತ್ರೆಯವರೇ ಹೆದರಿಸೋಕೆ ಹೇಳ್ತಾರೆ. ನಿಮ್ಮ ಪಾಲಿಸಿಲಿ ಕೊಡಲ್ಲ ಅನ್ನೋ ಪಟ್ಟಿ ಇರುತ್ತಲ್ಲ, ಅದರಲ್ಲಿ ಇದೆಯಾ ಅಂತ ನೋಡಿ. ಸಾಮಾನ್ಯವಾಗಿ ತೊಂದ್ರೆ ಆಗೋದು 24 ಗಂಟೆ ಅಡ್ಮಿಟ್ ಇಲ್ದೆ ಹೋದಾಗ ಮತ್ತೆ ಸಮ್ಮರಿ ಇಲ್ದೆ ಹೋದಾಗ. ಎರಡೂ ನಿಮ್ಮ ಕೈಲೇ ಇರೋದು. ಇನ್ನು ಕ್ಯಾಶ್‌ಲೆಸ್ ಅಪ್ರೂವಲ್ಲಿಗೆ ಕಾದು ಕಾದು ಸಾಕಾಗಿ ಬರ್ಕೊಟ್ಟು ಹೋಗ್ತೀವಿ ಅನ್ನೋರಿಗೆ: ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ 2024ರ ಸುತ್ತೋಲೆ ಪ್ರಕಾರ ಡಿಸ್ಚಾರ್ಜ್ ರಿಕ್ವೆಸ್ಟ್ ಹೋದ 3 ಗಂಟೆಯೊಳಗೆ ಕಂಪನಿ ಉತ್ತರ ಕೊಡ್ಬೇಕು. ಜಗಳ ಆಸ್ಪತ್ರೆಯ ಟಿಪಿಎ (ಇನ್ಶೂರೆನ್ಸ್) ಡೆಸ್ಕಲ್ಲಿ ಮಾಡಿ, ಸಿಸ್ಟರ್ ಹತ್ರ ಅಲ್ಲ.

ನಾನು ಸ್ಟಾಫ್ ನರ್ಸ್. ಲಾಮಾ ಬರ್ಕೊಟ್ಟು ಹೋಗೋರಾದ್ರೂ ಪರ್ವಾಗಿಲ್ಲ ಸರ್, ನಮ್ಮಲ್ಲಿ ಕೈಯಲ್ಲಿ ಡ್ರಿಪ್ ಸೂಜಿ ಇಟ್ಕೊಂಡೇ ಓಡಿಹೋಗ್ತಾರೆ. ಬೆಳಗ್ಗೆ ಬೆಡ್ ಖಾಲಿ. ಬೈಸ್ಕೊಳ್ಳೋದು ನಾವು. ಇವರಿಗೆ ಹೇಗೆ ಬುದ್ಧಿ ಹೇಳೋದು?
— ಸಿಸ್ಟರ್, ಚಾಮರಾಜನಗರ

ಬುದ್ಧಿ ಹೇಳೋಕಿಂತ ಮುಂಚೆ ಯಾಕಮ್ಮಾ ಹೋಗ್ತೀಯಾ ಅಂತ ಕೇಳಿ ಸಿಸ್ಟರ್. ನಾನು ಇದನ್ನ ಕಲಿತಿದ್ದು ತಾಲೂಕು ಆಸ್ಪತ್ರೆಲಿ, ಒಬ್ಬ ಅಜ್ಜಿ ಹತ್ರ. ನ್ಯುಮೋನಿಯಾ, ಆಕ್ಸಿಜನ್ ಮೇಲಿದ್ರು, ಮೂರನೇ ದಿನ ಸಂಜೆ ಹೋಗ್ಲೇಬೇಕು ಅಂತ ಹಟ. ಅರ್ಧ ಗಂಟೆ ಶ್ವಾಸಕೋಶದ ಪಾಠ ಮಾಡ್ದೆ, ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸ್ದೆ, ಸತ್ತೋಗ್ತೀಯಾ ಅಂತನೂ ಅಂದೆ, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. ಆಯಾಮ್ಮ ಬಂದು ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದ್ರು, ಮನೇಲಿ ಯಾರವ್ರೆ ಅಂತ. ಯಾರೂ ಇಲ್ಲ. ಎಮ್ಮೆ ಇದೆ. ಎರಡು ದಿನದಿಂದ ಪಕ್ಕದ ಮನೆಯವರು ಹಾಲು ಕರೀತಿದಾರೆ, ಇವತ್ತಿಂದ ಅವರು ಮದುವೆಗೆ ಹೋಗ್ತಾರೆ, ಕೆಚ್ಚಲು ಕಟ್ಟಿ ಎಮ್ಮೆ ಅರಚ್ತಿರುತ್ತೆ. ಡೈರಿ ಸೆಕ್ರೆಟರಿಗೆ ಒಂದು ಫೋನ್ ಮಾಡ್ಸಿದ್ವಿ, ಯಾರೋ ಹುಡುಗನ್ನ ಕಳ್ಸಿದ್ರು. ಅಜ್ಜಿ ಇನ್ನೂ ನಾಲ್ಕು ದಿನ ಕಮಕ್ ಕಿಮಕ್ ಅನ್ನದೆ ಮಲಗಿದ್ರು.

ಎಲ್ಲರ ಮನೇಲೂ ಎಮ್ಮೆ ಇರಲ್ಲ, ಏನೋ ಒಂದು ಇರುತ್ತೆ. ಚಿಕ್ಕ ಮಗುನ ಅತ್ತೆ ಹತ್ರ ಬಿಟ್ಟು ಬಂದಿರ್ತಾಳೆ. ಕೂಲಿ ತಪ್ಪಿದ್ರೆ ಮೇಸ್ತ್ರಿ ಬೇರೆಯವರನ್ನ ಹಾಕ್ಕೊಳ್ತಾನೆ. ಟಾಯ್ಲೆಟ್ಟಲ್ಲಿ ನೀರಿಲ್ಲ, ಅಟೆಂಡರ್ ಆಗಿ ಬಂದ ಹೆಂಡ್ತಿ ಮಲಗೋಕೆ ಜಾಗ ಇಲ್ದೆ ವರಾಂಡದಲ್ಲಿ ಕೂತೇ ಇದಾಳೆ. ಪಕ್ಕದ ಬೆಡ್ಡಲ್ಲಿ ರಾತ್ರಿ ಒಬ್ರು ತೀರ್ಕೊಂಡ್ರು. ಇವಕ್ಕೆಲ್ಲಾ ಔಷಧಿ ನಮ್ಮ ಕೇಸ್ ಶೀಟಲ್ಲಿ ಬರೆಯೋಕೆ ಬರಲ್ಲ.

ಒಂದನ್ನ ಮಾತ್ರ ಹಟ ಅಂತ ತಿಳ್ಕೋಬೇಡಿ. ದಿನಾ ಕುಡಿಯೋ ಅಭ್ಯಾಸ ಇರೋರು ಅಡ್ಮಿಟ್ ಆದ ಎರಡು ಮೂರನೇ ದಿನಕ್ಕೆ ಕೈ ನಡುಗಿಸ್ಕೊಂಡು, ಬೆವರ್ಕೊಂಡು, ಬಟ್ಟೆ ಗಂಟು ಕಟ್ಟಿ ಹೋಗ್ತೀನಿ ಅಂತಾರೆ, ಗೋಡೆ ಮೇಲೆ ಏನೋ ಹರಿದಾಡ್ತಿದೆ ಅಂತಾರೆ. ಅದು ಕುಡಿತ ನಿಂತಿದ್ದಕ್ಕೆ ಬರೋ ಕಾಯಿಲೆ, ಜೀವ ತೆಗೆಯುತ್ತೆ. ಆ ಸ್ಥಿತಿಲಿರೋರ ಸೈನಿಗೆ ಬೆಲೆ ಇಲ್ಲ, ಜ್ವರದಲ್ಲಿ ಬಡಬಡಿಸೋರದ್ದಕ್ಕೂ ಇಲ್ಲ, ತಲೆಗೆ ಪೆಟ್ಟು ಬಿದ್ದು ಗೊಂದಲದಲ್ಲಿರೋರದ್ದಕ್ಕೂ ಇಲ್ಲ. ಫಾರಂ ಕೊಡೋ ಬದಲು ಡಾಕ್ಟ್ರನ್ನ ಕರೀರಿ. ಮಕ್ಕಳ ವಿಷ್ಯದಲ್ಲೂ ಅಷ್ಟೇ, ಜೀವಕ್ಕೆ ಅಪಾಯ ಇರೋ ಮಗುನ ಅಪ್ಪ ಅಮ್ಮ ಕರ್ಕೊಂಡು ಹೋಗ್ತೀವಿ ಅಂದ್ರೆ ಬರೀ ಸೈನ್ ತಗೊಂಡು ಕಳಿಸ್ಬೇಡಿ, ಮೇಲಿನವರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇನ್ನು ಆ ಫಾರಂ. ನಾನು ನೋಡಿದ್ರಲ್ಲಿ ಮುಕ್ಕಾಲುಪಾಲು ಇಂಗ್ಲಿಷಲ್ಲೇ ಇರುತ್ತೆ, ಕೆಳಗೆ ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತಿದವರು ಏನು ಓದಿರ್ತಾರೆ ಹೇಳಿ. ಕನ್ನಡದಲ್ಲಿ ನಾಲ್ಕು ಸಾಲು, ಇವರಿಗೆ ಇಂಥ ಕಾಯಿಲೆ, ಹೋದ್ರೆ ಇಂಥದಾಗ್ಬಹುದು, ಇಂಥ ಮಾತ್ರೆ ಕೊಟ್ಟಿದೀವಿ, ಹಿಂಗಾದ್ರೆ ವಾಪಸ್ ಬರಕ್ಕೆ ಹೇಳಿದೀವಿ, ಟೈಮು, ಹೇಳಿದವರ ಹೆಸರು. ಇದು ಅವರಿಗೂ ಒಳ್ಳೇದು, ನಾಳೆ ಕೇಸಾದ್ರೆ ನಿಮಗೂ ಒಳ್ಳೇದು. ಮತ್ತೆ "ಹೋಗಿ, ಆದ್ರೆ ಸೂಜಿ ತೆಗೆಸ್ಕೊಂಡು ಹೋಗಿ, ಯಾರೂ ಬೈಯಲ್ಲ" ಅಂತ ವಾರ್ಡಲ್ಲಿ ದಿನಾ ಒಂದ್ಸಲ ಕೂಗಿ ಹೇಳಿ ನೋಡಿ. ಓಡಿಹೋಗೋರು ಕಮ್ಮಿ ಆಗ್ತಾರೆ.

ನಮ್ಮ ಅಜ್ಜಿಗೆ 84, ಸ್ಟ್ರೋಕ್ ಆಗಿ ವೆಂಟಿಲೇಟರ್‌ನಲ್ಲಿ 16 ದಿನ ಆಯ್ತು. ಡಾಕ್ಟ್ರೇ ಇನ್ನು ಏನೂ ಆಗೋದಿಲ್ಲ ಅಂತ ಹೇಳಿದ್ರು. ಮನೆಗೆ ಕರ್ಕೊಂಡು ಹೋಗ್ತೇವೆ ಅಂದ್ರೆ "ವೈದ್ಯರ ಸಲಹೆಗೆ ವಿರುದ್ಧವಾಗಿ" ಅಂತ ಬರೆದು ಸೈನ್ ಮಾಡಿ ಅಂತಾರೆ. ನಾವೇ ಕೊಂದ ಹಾಗೆ ಅನ್ನಿಸ್ತದೆ. ಅಪ್ಪ ಪೆನ್ನು ಮುಟ್ಟಲೇ ಇಲ್ಲ.
— ಮೊಮ್ಮಗಳು, ಹೊನ್ನಾವರ ತಾಲೂಕು

ನಿಮ್ಮ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ್ ನೆನಪಾದ್ರು. ಮುಂಬೈ ಕೆಇಎಂ ಆಸ್ಪತ್ರೆಲಿ ನರ್ಸ್ ಆಗಿದ್ದೋರು, 1973ರಲ್ಲಿ ಅಲ್ಲೇ ಅವರ ಮೇಲೆ ಹಲ್ಲೆ ಆಗಿ 2015ರಲ್ಲಿ ತೀರ್ಕೊಳ್ಳೋ ತನಕ ಅಲ್ಲೇ ಹಾಸಿಗೆ ಮೇಲೆ ಇದ್ರು. ಅವರ ಕೇಸಲ್ಲೇ 2011ರಲ್ಲಿ ಸುಪ್ರೀಂ ಕೋರ್ಟ್ ಮೊದಲ ಸಲ, ವಾಸಿಯಾಗದ ಸ್ಥಿತಿಲಿರೋರ ಜೀವ ಹಿಡಿದಿಡೋ ಚಿಕಿತ್ಸೆ ನಿಲ್ಲಿಸೋಕೆ ದಾರಿ ತೆರೆದಿದ್ದು. 2018ರಲ್ಲಿ ಕಾಮನ್ ಕಾಸ್ ಕೇಸಲ್ಲಿ ಘನತೆಯಿಂದ ಸಾಯೋದೂ ಹಕ್ಕು ಅಂತಾಯ್ತು, 2023ರ ಜನವರಿಲಿ ಆ ನಿಯಮಗಳನ್ನ ಸರಳ ಮಾಡಿದ್ರು, 2025ರ ಜನವರಿ ಕೊನೆಗೆ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಇದನ್ನ ಜಾರಿಗೆ ತರೋ ಸುತ್ತೋಲೆ ಹೊರಡಿಸ್ತು. ಚಿಕಿತ್ಸೆ ಕೊಡೋ ಡಾಕ್ಟ್ರ ಜೊತೆ ಇನ್ನಿಬ್ಬರು ತಜ್ಞರ ಒಂದು ಮಂಡಳಿ, ಅದು ಹೂಂ ಅಂದ್ರೆ ಎರಡನೇ ಮಂಡಳಿ, ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ಒಬ್ಬರು ಇರ್ತಾರೆ. ಒಂದೊಂದು ಮಂಡಳಿಯೂ ಆದಷ್ಟು 48 ಗಂಟೆಯೊಳಗೆ ಹೇಳ್ಬೇಕು, ಮನೆಯವರ ಒಪ್ಪಿಗೆ ಬೇಕು, ಜುಡಿಷಿಯಲ್ ಮ್ಯಾಜಿಸ್ಟ್ರೇಟರಿಗೆ ತಿಳಿಸ್ಬೇಕು.

ಇಷ್ಟೆಲ್ಲಾ ಯಾಕೆ ಅಂತ ಎಷ್ಟೋ ಆಸ್ಪತ್ರೆಗಳು ಹಳೇ ಲಾಮಾ ಫಾರಂ ಮುಂದಿಡ್ತವೆ. ಅವರಿಗೆ ಸುಲಭ, ಭಾರ ಎಲ್ಲಾ ಅಪ್ಪನ ಪೆನ್ನಿನ ಮೇಲೆ. ನಂಗೆ ಇದು ಸರಿ ಕಾಣಲ್ಲ. ಇನ್ನು ಉಪಯೋಗ ಇಲ್ಲ ಅಂತ ಹೇಳಿದ್ದು ಡಾಕ್ಟ್ರೇ ಆದ್ಮೇಲೆ ನೀವು ಯಾರ ಸಲಹೆಗೆ ವಿರುದ್ಧ ಹೋಗ್ತಿದೀರಿ? ನಾಳೆ ಹೋಗಿ ಕೇಳಿ, ಡಾಕ್ಟ್ರೇ ನೀವು ಹೇಳಿದ್ದನ್ನೇ ಬರೀರಿ, ಚಿಕಿತ್ಸೆಯಿಂದ ಪ್ರಯೋಜನ ಇಲ್ಲ ಅಂತ ತಿಳಿಸಿದೀವಿ, ಮನೆಯವರ ಜೊತೆ ಮಾತಾಡಿ ಉಪಶಮನ ಆರೈಕೆಗೆ (ನೋವು, ಉಬ್ಬಸ ಕಮ್ಮಿ ಮಾಡೋ ಆರೈಕೆ) ತೀರ್ಮಾನ ಆಗಿದೆ ಅಂತ. ಸುತ್ತೋಲೆ ಪ್ರಕಾರ ಮಂಡಳಿ ಮಾಡಿ ಅಂತಲೂ ಕೇಳಿ. ಒಪ್ಪದಿದ್ರೆ ಡಿಎಚ್‌ಒ ಆಫೀಸಿಗೆ ಒಂದು ಪತ್ರ.

ಅಪ್ಪಂಗೆ ಹೇಳಿ, ಕೊಲ್ತಿರೋದು ಸ್ಟ್ರೋಕು, ಅವರಲ್ಲ. ಮೆಷಿನ್ನು ತೆಗೆದ್ಮೇಲೆ ಆಸ್ಪತ್ರೆಲೇ ಒಂದು ಪರದೆ ಹಾಕಿ, ಎಲ್ಲರೂ ಪಕ್ಕದಲ್ಲಿ ಕೂತು, ಉಬ್ಬಸ ಆಗದ ಹಾಗೆ ಔಷಧಿ ಕೊಡಿಸಿ ಕಳಿಸ್ಕೊಡೋದೂ ಒಂದು ದಾರಿ. ಮನೆಗೇ ಆಗ್ಬೇಕು ಅಂದ್ರೆ ದಾರಿಲೇ ಏನಾದ್ರೂ ಆಗ್ಬಹುದು ಅಂತ ಗೊತ್ತಿರ್ಲಿ, ಆಂಬುಲೆನ್ಸಲ್ಲಿ ನರ್ಸ್ ಇರ್ಲಿ, ಉಬ್ಬಸಕ್ಕೆ ಔಷಧಿ ಏನು ಅಂತ ಬರೆಸ್ಕೊಳ್ಳಿ, ಮನೆಗೆ ಬಂದು ನೋಡೋ ಡಾಕ್ಟ್ರು ಯಾರು ಅಂತ ಹೊರಡೋ ಮುಂಚೆ ಗೊತ್ತು ಮಾಡ್ಕೊಳ್ಳಿ, ಆಮೇಲೆ ಮರಣದ ಸರ್ಟಿಫಿಕೇಟಿಗೂ ಅವರೇ ಬೇಕಾಗೋದು. ಅಜ್ಜಿಗೆ ನುಂಗೋಕಾಗಲ್ಲ, ಬಾಯಿಗೆ ನೀರು ಬಿಡ್ಬೇಡಿ, ಹತ್ತಿ ಒದ್ದೆ ಮಾಡಿ ತುಟಿ ಒರೆಸಿ. ಗಂಗಾಜಲನೂ ಹಾಗೇ.

ಹರ್ನಿಯಾ ಆಪರೇಷನ್ ಆಗಿ ಎರಡನೇ ದಿನಕ್ಕೇ ಡಾಕ್ಟ್ರ ಜೊತೆ ಜಗಳ ಆಡಿ ಬರ್ಕೊಟ್ಟು ಬಂದೆ. ಈಗ ಹೊಲಿಗೆ ಹತ್ರ ಕೆಂಪಾಗಿ ಕೀವು ಬರ್ತಿದೆ, ಸಣ್ಣ ಜ್ವರ. ಅಲ್ಲಿಗೇ ವಾಪಸ್ ಹೋದ್ರೆ ಬೈತಾರೆ.
— ಶಿರಾ

ಬೈಬಹುದು. ಎರಡು ನಿಮಿಷ ಬೈಸ್ಕೊಳ್ಳಿ, ಮೂರನೇ ನಿಮಿಷಕ್ಕೆ ಅವರೇ ಡ್ರೆಸ್ಸಿಂಗ್ ಬಿಚ್ಚಿ ನೋಡ್ತಾರೆ. ಆಪರೇಷನ್ ಮಾಡಿದ ಕೈಗೆ ಒಳಗೇನಿದೆ ಅಂತ ಗೊತ್ತಿರುತ್ತೆ, ಹರ್ನಿಯಾಗೆ ಒಳಗೆ ಮೆಶ್ (ಬಲೆ) ಹಾಕಿದ್ರೆ ಅದಕ್ಕೂ ಸೋಂಕು ತಗುಲಿದ್ಯಾ ನೋಡ್ಬೇಕು, ಮೆಡಿಕಲ್ ಶಾಪಲ್ಲಿ ಆಂಟಿಬಯೋಟಿಕ್ ತಗೊಂಡು ನುಂಗ್ತಾ ಕೂರೋ ಗಾಯ ಅಲ್ಲ ಇದು. ಹಳೇ ಫೈಲ್, ಬಿಲ್ಲು, ಏನಿದೆಯೋ ಅದನ್ನ ಒಂದು ಕವರಿಗೆ ಹಾಕ್ಕೊಂಡು ಇವತ್ತೇ ಹೋಗಿ. ಅಲ್ಲಿಗೆ ಹೋಗೋಕೆ ಸುತರಾಂ ಇಷ್ಟ ಇಲ್ಲ ಅಂದ್ರೆ ಬೇರೆ ಸರ್ಜನ್ ಹತ್ರ ಆದ್ರೂ ಹೋಗಿ, ನಾಳೆ ಅಂತ ಮಾತ್ರ ಬೇಡ.